ಪೆಪ್ಪರ್ ಎಂಬ ಮಾತು



ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದಾದ ಮೇಲೊಂದು ಬರುವ ಊರುಗಳು. ಸುಗ್ಗಿಯ ಕಾಲದಲ್ಲಿ ಈ ಸೀಮೆಯ ಮೆಣಸಿನಕಾಯಿಯಲ್ಲದೆ ಬಳ್ಳಾರಿ, ರಾಯಚೂರು, ಆಂಧ್ರಗಳ ಕಾಯಿಯೂ ಚೀಲಚೀಲವಾಗಿ ಬ್ಯಾಡಗಿಯ ಪೇಟೆಗೆ ಬಂದು ಬೀಳುತ್ತದೆ. ಈ ಕಾಯಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಚಿಲ್ಲಿ ಎನ್ನುವುದುಂಟು, ರೆಡ್ ಪೆಪ್ಪರ್ ಎನ್ನುವುದೂ ಉಂಟು. ಆದರೆ ಊಟದ ಮೇಜಿನ ಬಳಿ ಪೆಪ್ಪರ್ ಬೇಕೆಂದರೆ ಬರುವುದು ಕರಿಮೆಣಸಿನ ಪುಡಿ. ಅಮೆರಿಕದ ತರಕಾರಿ ಅಂಗಡಿಯಲ್ಲಿ ಅದೇ ಮಾತನ್ನು ಆಡಿದರೆ ಕೈಗೆ ಬರುವುದು ಖಾರವೇ ಇಲ್ಲದ ದೊಣ್ಣೆಮೆಣಸಿನಕಾಯಿ. ಒಂದು ಮಾತು ಇಷ್ಟು ವಸ್ತುಗಳನ್ನು ಹೇಗೆ ಹೊತ್ತುಕೊಂಡಿತೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಪೆಪ್ಪರ್ ಎಂಬುದು ಹುಟ್ಟಿನಿಂದ ಇಂಗ್ಲಿಷ್ ಮಾತಲ್ಲ. ಅದು ಲ್ಯಾಟಿನ್ನಿನ ಪಿಪೆರ್, ಅದಕ್ಕೂ ಹಿಂದೆ ಗ್ರೀಕಿನ ಪೆಪೆರಿ. ಅದರ ಮೂಲ ನಮ್ಮ ದೇಶದ ಪಿಪ್ಪಲಿ. ಕನ್ನಡದಲ್ಲಿ ಪಕಾರವು ಹಕಾರವಾಗುವ ಕ್ರಮದಂತೆ ಅದೇ ಪಿಪ್ಪಲಿ ನಮ್ಮಲ್ಲಿ ಹಿಪ್ಪಲಿಯಾಯಿತು. ಆದಕಾರಣ ನಾಟಿವೈದ್ಯರ ಹಿಪ್ಪಲಿಯೂ ಇಂಗ್ಲಿಷರ ಪೆಪ್ಪರೂ ಒಂದೇ ಮನೆತನದ ಮಾತುಗಳು. ಹಿಪ್ಪಲಿಯ ಹೆಸರು ಪಶ್ಚಿಮಕ್ಕೆ ಹೋಗಿ ಅದರ ದಾಯಾದಿಯಾದ ಕರಿಮೆಣಸಿಗೂ ಅಂಟಿತು. ಆ ಮೆಣಸಿನ ಬೆಲೆಯಾದರೂ ಎಂಥದು! ಕ್ರಿ.ಶ. 408ರಲ್ಲಿ ರೋಮನ್ನು ಮುತ್ತಿದ ಅಲಾರಿಕನು ಚಿನ್ನಬೆಳ್ಳಿಗಳೊಡನೆ 3,000 ಪೌಂಡು ಮೆಣಸನ್ನೂ ಕಪ್ಪವಾಗಿ ಕೇಳಿದನು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಹೆಸರಿಟ್ಟಿದ್ದರು.

ಈ ಮೆಣಸಿನ ಆಸೆಯಿಂದಲೇ 1492ರಲ್ಲಿ ಕೊಲಂಬಸನು ಪಶ್ಚಿಮದ ಕಡಲನ್ನು ದಾಟಿದನು. ಅಲ್ಲಿ ಅವನಿಗೆ ಮೆಣಸಿನ ಬಳ್ಳಿ ಸಿಕ್ಕಲಿಲ್ಲ. ನಾಲಗೆ ಸುಡುವ ಬೇರೊಂದು ಕಾಯಿ ಸಿಕ್ಕಿತು. ಅದು ಬದನೆ, ಟೊಮ್ಯಾಟೊಗಳ ಕುಲದ ಗಿಡ. ಮೆಣಸಿಗೆ ಯಾವ ರೀತಿಯಿಂದಲೂ ನಂಟಲ್ಲ. ಆದರೂ ಸ್ಪೇನಿನವರು ತಮ್ಮ ಭಾಷೆಯ ಮೆಣಸಿನ ಹೆಸರನ್ನೇ ತುಸು ತಿದ್ದಿ ಅದಕ್ಕಿಟ್ಟರು; ಇಂಗ್ಲಿಷರೂ ಪೆಪ್ಪರ್ ಎಂದರು. ಚಿಲ್ಲಿ ಎಂಬುದೇ ಆ ಕಾಯಿಯ ತವರುಮನೆಯ ಹೆಸರು. ಅದು ಮೆಕ್ಸಿಕೋ ದೇಶದ ನಹುವಾತ್ಲ್ ಭಾಷೆಯ ಮಾತು. ಚಿಲಿ ಎಂಬ ದೇಶಕ್ಕೂ, ಚಳಿಯ ಅರ್ಥದ ಇಂಗ್ಲಿಷ್ ಚಿಲ್ಲಿಗೂ ಅದಕ್ಕೂ ಧ್ವನಿಯ ಹೋಲಿಕೆ ಮಾತ್ರ.

ಇದನ್ನು ಕೇಳಿ ಅನ್ಯರನ್ನು ನಗುವುದು ಬೇಡ. ನಾವು ಮಾಡಿದ್ದೂ ಅದನ್ನೇ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಈ ಕಾಯಿ ಭರತಖಂಡಕ್ಕೆ ಬಂದಾಗ ಕನ್ನಡಿಗರು ಅದನ್ನು ಮೆಣಸಿನ ಕಾಯಿ ಎಂದರು. ಹೊಸಬನು ಬೆಳೆದು ಮನೆಯ ಯಜಮಾನನಾದನು. ಹಳಬನಾದ ಮೆಣಸು ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣವನ್ನು ತೊಟ್ಟು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಇಂಗ್ಲಿಷರು ಆ ಕಾಯಿಯನ್ನು ಪೆಪ್ಪರ್ ಎಂದದ್ದೂ ಹೀಗೆಯೇ. ಒಬ್ಬರನ್ನೊಬ್ಬರು ಅನುಕರಿಸದೆ ಎರಡು ಭಾಷೆಗಳು ಒಂದೇ ದಾರಿ ಹಿಡಿದುವು. ಕಾಣದುದನ್ನು ಕಂಡುದರ ಹೆಸರಿನಿಂದ ಕರೆಯುವುದು ಮನುಷ್ಯಸ್ವಭಾವ.

ಬಳಕೆಯಲ್ಲಿಯೂ ಈ ಮಾತು ಹಬ್ಬಿದೆ. ಮುಂಗೋಪಿಯನ್ನು ಇಂಗ್ಲಿಷಿನಲ್ಲಿ ಪೆಪ್ಪರಿ ಎನ್ನುತ್ತಾರೆ. ಗುಂಡುಗಳನ್ನೋ ಪ್ರಶ್ನೆಗಳನ್ನೋ ಎಡೆಬಿಡದೆ ಎರಚುವುದೂ ಪೆಪ್ಪರ್ ಮಾಡುವುದೇ. ಹೆಸರಿಗೆ ಮಾತ್ರ ಕೊಡುವ ಬಾಡಿಗೆಗೆ ಪೆಪ್ಪರ್‌ಕಾರ್ನ್ ರೆಂಟ್, ಎಂದರೆ ಮೆಣಸುಕಾಳಿನ ಬಾಡಿಗೆ, ಎಂದು ಹೆಸರು. ಒಂದು ಕಾಲಕ್ಕೆ ರೋಮಿನ ಬಿಡುಗಡೆಗೆ ತೂಗಿಕೊಟ್ಟ ವಸ್ತು ಇಂದು ಇಲ್ಲವೆಂಬಷ್ಟು ಅಲ್ಪಕ್ಕೆ ಗುರುತಾಗಿದೆ.

ಅರ್ಥವು ಹೀಗೆ ಜಾರುವುದರಿಂದ ಭಾಷೆಗೆ ಹಾನಿಯಿಲ್ಲ, ಪೇಟೆಯಲ್ಲಿ ಹಾಗಲ್ಲ. ಬ್ಯಾಡಗಿ ಎಂಬುದೂ ಊರಿನ ಹೆಸರಿನಿಂದ ಸರಕಿನ ಹೆಸರಾಗಿರುವ ಮಾತು. ಗಿಡ್ಡನೆಯ ದಪ್ಪಕಾಯಿ ಡಬ್ಬಿ. ಉದ್ದನೆಯ ತೆಳ್ಳಗಿನ ಸುಕ್ಕುಕಾಯಿ ಕಡ್ಡಿ. ಅವುಗಳಲ್ಲಿ ಖಾರ ಕಡಮೆ, ಬಣ್ಣ ಹೆಚ್ಚು. ಆ ಕೆಂಪನ್ನು ಎಣ್ಣೆಯ ಸತ್ತ್ವವಾಗಿ ತೆಗೆದು ತಿನಿಸುಗಳಿಗೂ ತುಟಿರಂಗಿಗೂ ಬಳಸುತ್ತಾರೆ. 2011ರಲ್ಲಿ ಈ ಹೆಸರಿಗೆ ಭೌಗೋಳಿಕ ಸೂಚಿಕೆಯ ಕಾನೂನಿನ ರಕ್ಷಣೆ ದೊರೆಯಿತು. ಆದರೆ ನೋಟದಲ್ಲಿ ಇದನ್ನು ಹೋಲುವ ಸಂಕರ ತಳಿಗಳೂ ಅದೇ ಪೇಟೆಗೆ ಬರುತ್ತವೆ. ಅವುಗಳಿಗೂ ಬ್ಯಾಡಗಿಯೆಂಬ ಹೆಸರೇ ಸಂದರೆ, ಮಳೆಯನ್ನು ನಂಬಿ ಹಳೆಯ ತಳಿಯ ಬೀಜವನ್ನು ಕಾಪಾಡಿಕೊಂಡು ಬಂದ ಒಕ್ಕಲಿಗನ ಶ್ರಮಕ್ಕೆ ಬೆಲೆಯೆಲ್ಲಿ?

ಕೊಲಂಬಸನು ಕಾಯಿಗೆ ಮೆಣಸೆಂದದ್ದರಿಂದ ನಿಘಂಟಿಗೆ ಒಂದು ಅರ್ಥ ಕೂಡಿತು, ಅಷ್ಟೆ. ತಕ್ಕಡಿಯ ಮುಂದೆ ಹೆಸರು ತಪ್ಪಿದರೆ ಒಂದು ಸಂಸಾರದ ವರ್ಷದ ದುಡಿಮೆಯೇ ತಪ್ಪುತ್ತದೆ. ಅಲ್ಲಿ ಆಡುವ ಮಾತೂ ಹಿಡಿದ ತೂಕದಷ್ಟೇ ನೇರವಾಗಿರಬೇಕು.