ಅದೃಷ್ಟದ ಚೀಟಿ ಬೇಡ, ಕೃತಜ್ಞತೆಯ ಕೊಡುಗೆ ಇರಲಿ
(ತುಮಕೂರಿನಲ್ಲಿ ಮಾಡಿದ ಭಾಷಣದ ಸಾರ)



ತುಮಕೂರು, ಗುಬ್ಬಿ, ಕುಣಿಗಲ್‌ಗಳ ನಮ್ಮ ಯುವಕರು ಯೂಟ್ಯೂಬಿನಲ್ಲಿ ವಾರ್ತೆ, ಪ್ರವಚನಗಳನ್ನು ನೀಡಲು ಹೊರಟರೆ, ತಿಂಗಳಿಗಿಷ್ಟು ಹಣ ಕೊಡುವ ಬೆಂಬಲಿಗರಿಂದಲೇ ಆ ಕಾರ್ಯ ನಡೆಯಬೇಕು. ಅವರನ್ನು ಸೆಳೆಯಲು ‘ಲಕ್ಕಿ ಡ್ರಾ’ ಸುಲಭ ಮಾರ್ಗವೆನಿಸಬಹುದು. ಆದರೆ ಹಣ ಕೊಟ್ಟವರ ಹೆಸರಿನಲ್ಲಿ ಚೀಟಿಯೆತ್ತಿ ಒಬ್ಬರಿಗೆ ಬಹುಮಾನ ಕೊಡುವುದು ಲಾಟರಿಯೇ. ಹೆಸರು ಬದಲಿಸಿದರೆ ಗುಣ ಬದಲಾಗದು.

ಪವಿತ್ರ ಕುರ್‌ಆನ್ (5:90) ಮದ್ಯದೊಂದಿಗೇ ಜೂಜನ್ನೂ ನಿಷೇಧಿಸಿದೆ. ಕರ್ನಾಟಕವು 2007ರಲ್ಲಿ ಲಾಟರಿಗಳನ್ನು ನಿಷೇಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮು, ಅನುಮತಿಯಿಲ್ಲದ ಲಾಟರಿಯ ಕಚೇರಿ ನಡೆಸುವವರಿಗೆ 6 ತಿಂಗಳವರೆಗೆ ಸೆರೆವಾಸ ವಿಧಿಸಬಹುದೆನ್ನುತ್ತದೆ.

ಬೀಡಿ ಕಟ್ಟಿ ಉಳಿಸಿದ ಹಣವನ್ನು ಸತ್ಕಾರ್ಯಕ್ಕೆಂದು ಕೊಡುವ ತಾಯಂದಿರು ನಮ್ಮಲ್ಲಿದ್ದಾರೆ. ಆ ಹಣ ಇನ್ನಾರದೋ ಮನೆಯ ಮೊಬೈಲ್ ಫೋನಾಗುವುದು ನ್ಯಾಯವೇ?

ಹಾಗಾದರೆ ಪರ್ಯಾಯವೇನು? ಗುಬ್ಬಿಯನ್ನೇ ನೋಡಿರಿ. 1884ರಲ್ಲಿ ಅಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪೆನಿಯಲ್ಲಿ, ಟಿಕೇಟು ಕೊಂಡ ಪ್ರತಿಯೊಬ್ಬರಿಗೂ ನಾಟಕ ದೊರೆಯುತ್ತಿತ್ತು. ಕೊಟ್ಟ ಹಣಕ್ಕೆ ಮೊದಲೇ ತಿಳಿದ ಪ್ರತಿಫಲ, ಇದೇ ನ್ಯಾಯದ ವ್ಯವಹಾರ.

ಆದುದರಿಂದ ಬೆಂಬಲಿಗರೆಲ್ಲರಿಗೂ ಕ್ಯಾಲೆಂಡರನ್ನೋ ಕಿರುಪುಸ್ತಕವನ್ನೋ ಕೊಡೋಣ. ವರ್ಷ ಪೂರೈಸಿದ ಎಲ್ಲರನ್ನೂ ಸಂವಾದಕ್ಕೆ ಆಹ್ವಾನಿಸೋಣ. ಒಪ್ಪಿದವರ ಹೆಸರುಗಳನ್ನು ಕೃತಜ್ಞತೆಯಿಂದ ಪ್ರಕಟಿಸೋಣ. ಬಹುಮಾನವೇ ಬೇಕೆಂದಾದರೆ ಪ್ರಬಂಧ ಸ್ಪರ್ಧೆ ಏರ್ಪಡಿಸೋಣ. ಅದಕ್ಕೆ ಪ್ರವೇಶಶುಲ್ಕ ಬೇಡ, ಬೆಂಬಲಿಗರಲ್ಲದವರಿಗೂ ಅವಕಾಶವಿರಲಿ. ಬಹುಮಾನದ ಹಣ ದಾನಿಗಳಿಂದ ಬರಲಿ, ಆಯ್ಕೆ ಯೋಗ್ಯತೆಯಿಂದಾಗಲಿ.

ಸತ್ಯವನ್ನು ಹೇಳಹೊರಟವರ ಗಳಿಕೆಯೂ ಶುದ್ಧವಾಗಿರಬೇಕು. ಅಲ್ಲಾಹನು ನಮಗೆ ಹಲಾಲ್ ಸಂಪಾದನೆಯನ್ನು ಕರುಣಿಸಲಿ. ಆಮೀನ್.