ಮೊಸರಿನ ಬಟ್ಟಲು, ಮೈಯ ತೂಕ



ಜೀವಮಾನವೆಲ್ಲ ಹಳಗನ್ನಡವನ್ನು ಪಾಠ ಹೇಳಿದವನು ಮೊಸರನ್ನು ಕುರಿತು ಮಾತನಾಡಲು ನಿಂತರೆ ಕೇಳುವವರಿಗೆ ನಗೆ ಬರುವುದು ಸಹಜ. ಆದರೆ ನಮ್ಮ ಹಿಂದಿನ ಕವಿಗಳಿಗೆ ಅಡುಗೆಮನೆಯ ವಿಷಯದಲ್ಲಿ ಅಂಥ ಸಂಕೋಚವಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೂ ಒಂದು ಸ್ಥಾನ ಕೊಟ್ಟ, ಹದಿನಾರನೆಯ ಶತಮಾನದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಅವರಿಬ್ಬರ ದೃಷ್ಟಿಯೂ ರುಚಿಯ ಕಡೆಗೆ. ನನ್ನ ಇಂದಿನ ಸಮಸ್ಯೆ ತೂಕದ್ದು.

ಎರಡು ವರ್ಷಗಳ ಹಿಂದೆ ನನ್ನ ಬಲಮಂಡಿ ಮೆಟ್ಟಿಲು ಹತ್ತಲು ನಿರಾಕರಿಸಿತು. ವೈದ್ಯರು ಮಂಡಿಯನ್ನು ಒತ್ತಿ ನೋಡಿದರು, ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತಮೂರು ಕಿಲೋ. ರಕ್ತದ ಸಕ್ಕರೆಯೂ ಗಡಿಯ ಮೇಲೆ ನಿಂತಿತ್ತು. “ಎಂಟು ಕಿಲೋ ಇಳಿಸಿ, ಆಮೇಲೆ ಮಂಡಿಯ ಮಾತಾಡೋಣ” ಎಂದರು. ನನ್ನ ತಂದೆ ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿಂದ ಒಂದು ಕಾಲಿನ ಬೆರಳುಗಳನ್ನು ಕಳೆದುಕೊಂಡದ್ದನ್ನು ನಾನು ಕಂಡವನು. ಆದ್ದರಿಂದ ವೈದ್ಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅಂದೇ ಕಾಫಿಗೆ ಸಕ್ಕರೆ ಬಿಟ್ಟೆ. ರಾತ್ರಿಯ ಊಟವನ್ನು ಕುಗ್ಗಿಸಿ, ಅದರ ಬದಲಿಗೆ ಯೋಗರ್ಟ್ ತಿನ್ನುವುದೆಂದು ನಿಶ್ಚಯಿಸಿದೆ. ಪತ್ರಿಕೆಗಳಲ್ಲಿ ಆ ಹೆಸರನ್ನು ಓದಿ ಓದಿ ಅದೊಂದು ದಿವ್ಯೌಷಧವೆಂಬ ನಂಬಿಕೆ ನನ್ನಲ್ಲಿ ಬೇರೂರಿತ್ತು.

ಅಂಗಡಿಯ ಶೀತಪೆಟ್ಟಿಗೆಯಲ್ಲಿ ಚಿಕ್ಕ ಚಿಕ್ಕ ಬಟ್ಟಲುಗಳು ಸಾಲಾಗಿ ಕುಳಿತಿದ್ದವು. ಒಂದರ ಮೇಲೆ ಮಾವಿನ ಚಿತ್ರ, ಇನ್ನೊಂದರ ಮೇಲೆ ಸ್ಟ್ರಾಬೆರಿ. ‘ಕೊಬ್ಬು ಕಡಿಮೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ದಿನಕ್ಕೆ ಎರಡರಂತೆ ಒಂದೂವರೆ ತಿಂಗಳು ತಿಂದೆ. ತೂಕ ಒಂದು ಕಿಲೋ ಏರಿತು.

ರಹಸ್ಯವನ್ನು ಭೇದಿಸಿದವರು ನನ್ನ ಶ್ರೀಮತಿ. ಬಟ್ಟಲಿನ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ, “ಕಾಫಿಗೆ ಬಿಟ್ಟ ಸಕ್ಕರೇನ ಮೊಸರಲ್ಲಿ ತಿಂತಾ ಇದೀರಲ್ಲ ರೀ” ಎಂದರು. ನೂರು ಗ್ರಾಂ ಬಟ್ಟಲಿನಲ್ಲಿ ಒಟ್ಟು ಸಕ್ಕರೆ 14 ಗ್ರಾಂ. ಹಾಲಿನ ಸ್ವಂತದ ಸಕ್ಕರೆ ನೂರು ಗ್ರಾಂ ಮೊಸರಿನಲ್ಲಿ ಸುಮಾರು ನಾಲ್ಕರಿಂದ ಐದು ಗ್ರಾಂ ಇರುತ್ತದೆ. ಉಳಿದ ಒಂಬತ್ತು ಗ್ರಾಂ ಕಾರ್ಖಾನೆ ಬೆರೆಸಿದ್ದು. ಎರಡು ಬಟ್ಟಲಿಗೆ ಹದಿನೆಂಟು ಗ್ರಾಂ, ಅಂದರೆ ಸುಮಾರು ನಾಲ್ಕು ಚಮಚ. ನಾನು ಕಾಫಿಯಲ್ಲಿ ತ್ಯಾಗ ಮಾಡಿದ್ದು ಎರಡು ಚಮಚ ಮಾತ್ರ.

ಬಟ್ಟಲು ಸುಳ್ಳು ಹೇಳಿರಲಿಲ್ಲವೆಂಬುದನ್ನು ನಾನು ಒಪ್ಪಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ, ಘನಪದಾರ್ಥದ ನೂರು ಗ್ರಾಂನಲ್ಲಿ ಕೊಬ್ಬು ಮೂರು ಗ್ರಾಂ ಮೀರದಿದ್ದರೆ ‘ಕೊಬ್ಬು ಕಡಿಮೆ’ ಎಂದು ಬರೆಯಬಹುದು. ಸಕ್ಕರೆಯ ವಿಷಯ ಆ ಮಾತಿನ ವ್ಯಾಪ್ತಿಗೆ ಬರುವುದೇ ಇಲ್ಲ. ಅದೇ ಪ್ರಾಧಿಕಾರದ 2020ರ ನಿಯಮ ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಬೇರೆಬೇರೆಯಾಗಿ ಮುದ್ರಿಸಬೇಕೆಂದು ವಿಧಿಸಿತು. ಹಾಗೆ ಮುದ್ರಿಸಿದ್ದೂ ಆಗಿತ್ತು. ಪಂಪನ ಪದ್ಯವೊಂದಕ್ಕೆ ಮೂರು ಪಾಠಾಂತರ ನೋಡುತ್ತಿದ್ದ ನಾನು ಮುಂಬದಿಯನ್ನು ಓದಿ ಹಿಂಬದಿಯನ್ನು ತಿರುಗಿಸಿಯೂ ನೋಡಿರಲಿಲ್ಲ.

ಹಾಗಾದರೆ ಯೋಗರ್ಟ್ ಬೇರೆ, ಮೊಸರು ಬೇರೆಯೆ? ಹೆಸರು ತುರ್ಕಿ ಭಾಷೆಯದು. ಅದನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮಜೀವಿಗಳು ನಿಶ್ಚಿತವಾದ ಎರಡು ಬಗೆಯವು. ಅವುಗಳಲ್ಲೊಂದಕ್ಕೆ ಬಲ್ಗೇರಿಯಾ ದೇಶದ ಹೆಸರೇ ಇದೆ. ನಮ್ಮ ಮನೆಯ ಹೆಪ್ಪಿನಲ್ಲಿ ಯಾವ ಯಾವ ಜೀವಿಗಳಿವೆಯೆಂದು ಯಾರೂ ಎಣಿಸಿಟ್ಟಿಲ್ಲ. ಮನೆಯಿಂದ ಮನೆಗೆ ಅದು ಬೇರೆ. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮೆಚ್‌ನಿಕಾಫ್ ಎಂಬ ವಿಜ್ಞಾನಿ ಬಲ್ಗೇರಿಯಾದ ರೈತರ ದೀರ್ಘಾಯುಸ್ಸಿಗೆ ಅವರು ಸೇವಿಸುವ ಹುಳಿಹಾಲೇ ಕಾರಣವಿರಬಹುದೆಂದು ವಾದಿಸಿದ. ಯೋಗರ್ಟಿಗೆ ಪ್ರಭಾವಳಿ ಬಂದದ್ದು ಅಂದಿನಿಂದ. ಇರಲಿ, ತೂಕದ ಲೆಕ್ಕದಲ್ಲಿ ಈ ಜೀವಿಗಳ ಪಾತ್ರ ದೊಡ್ಡದಲ್ಲ. ಹುಳಿಮೊಸರು ಕೊಬ್ಬನ್ನು ಕರಗಿಸುತ್ತದೆಂಬ ಮಾತನ್ನು ನಾನು ಬಲ್ಲವರ ಬಾಯಿಂದಲೇ ಕೇಳಿದ್ದೇನೆ, ಹಾಗೇನೂ ಇಲ್ಲ. ಹಾಲಿನ ಸಕ್ಕರೆಯ ಒಂದಂಶ ಆಮ್ಲವಾಗುತ್ತದೆ, ಅಷ್ಟೆ. ಹಾಲಿನಲ್ಲಿದ್ದ ಕೊಬ್ಬು ಮೊಸರಿನಲ್ಲೂ ಇದ್ದೇ ಇರುತ್ತದೆ.

ಆದಕಾರಣ ಮೊಸರನ್ನು ಆರಿಸುವುದೆಂದರೆ ಹಾಲನ್ನು ಆರಿಸುವುದು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಡಬಲ್ ಟೋನ್ಡ್ ಹಾಲಿನಲ್ಲಿ 1.5, ಗಟ್ಟಿ ಹಾಲಿನಲ್ಲಿ 6. ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿ, ಸಕ್ಕರೆಗೂ ಪ್ರೋಟೀನಿಗೂ ನಾಲ್ಕು ನಾಲ್ಕು. ಈ ಲೆಕ್ಕ ಹಾಕಿದರೆ ನೂರು ಗ್ರಾಂ ಟೋನ್ಡ್ ಹಾಲಿನ ಮೊಸರಿಗೆ ಸುಮಾರು ಅರವತ್ತು ಕ್ಯಾಲೊರಿ. ಡಬಲ್ ಟೋನ್ಡಿನದಕ್ಕೆ ನಲವತ್ತೈದರ ಆಸುಪಾಸು. ಗಟ್ಟಿ ಹಾಲಿನದಕ್ಕೆ ಎಂಬತ್ತೈದರ ಮೇಲೆ. ನಾನು ತಿನ್ನುತ್ತಿದ್ದ ಹಣ್ಣಿನ ಬಟ್ಟಲಿಗೆ ತೊಂಬತ್ತಕ್ಕೂ ಹೆಚ್ಚು. ಈಚೆಗೆ ಗ್ರೀಕ್ ಯೋಗರ್ಟ್ ಎಂಬುದು ಬಂದಿದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದರೆ ಸಿಗುವ ಗಟ್ಟಿ ಪದಾರ್ಥವೇ ಅದು. ಶ್ರೀಖಂಡ ಮಾಡುವವರಿಗೆ ಹೊಸತಲ್ಲ. ಅದರಲ್ಲಿ ಪ್ರೋಟೀನು ಹೆಚ್ಚು, ಹೊಟ್ಟೆ ಬಹಳ ಹೊತ್ತು ತುಂಬಿದಂತಿರುತ್ತದೆ, ಒಳ್ಳೆಯದೇ. ಆದರೆ ಗಟ್ಟಿ ಹಾಲಿನ ಮೊಸರನ್ನು ಕಟ್ಟಿದರೆ ಪ್ರೋಟೀನಿನೊಂದಿಗೆ ಕೊಬ್ಬೂ ಸಾಂದ್ರವಾಗುತ್ತದೆಂಬುದನ್ನು ಮರೆಯಬಾರದು.

ಮನೆಯಲ್ಲಿ ಕೆನೆ ತೆಗೆದು ಹೆಪ್ಪು ಹಾಕಿದರಾಯಿತಲ್ಲವೆ ಎಂದು ನೀವು ಕೇಳಬಹುದು. ಹಸುವಿನ ಹಸಿ ಹಾಲಿಗೆ ಅದು ಸರಿ. ಹೊಮೊಜನೈಸ್ ಮಾಡಿದ ಪೊಟ್ಟಣದ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒಡೆದು ಹರಡಿರುವುದರಿಂದ ಕೆನೆ ಸರಿಯಾಗಿ ಮೇಲೇಳುವುದಿಲ್ಲ. ಇನ್ನೊಂದು ಮಾತು: ತೆಗೆದ ಕೆನೆ ಎಲ್ಲಿಗೆ ಹೋಗುತ್ತದೆ? ನಮ್ಮ ಮನೆಯಲ್ಲಿ ಅದು ಹದಿನೈದು ದಿನ ಶೀತಪೆಟ್ಟಿಗೆಯಲ್ಲಿ ಅಜ್ಞಾತವಾಸ ಮಾಡಿ, ಬೆಣ್ಣೆಯಾಗಿ, ತುಪ್ಪವಾಗಿ, ನನ್ನ ತಟ್ಟೆಗೇ ಮರಳುತ್ತಿತ್ತು.

ಇಲ್ಲಿ ನನಗೆ ನಮ್ಮ ಕ್ಯಾಲನೂರಿನ ನೆನಪಾಗುತ್ತದೆ. ಕೋಲಾರ ತಾಲ್ಲೂಕಿನ ಈ ಊರಿನಲ್ಲಿ, ನನ್ನ ಬಾಲ್ಯದ 1960ರ ದಶಕದಲ್ಲಿ, ಹಾಲನ್ನು ದಿನವೂ ಕೊಳ್ಳುವವರಿರಲಿಲ್ಲ. ಕೆಡುವ ಹಾಲನ್ನು ಕೆಡದ ತುಪ್ಪವಾಗಿಸಿದರೆ ಮಾತ್ರ ನಾಲ್ಕು ಕಾಸು. ನಮ್ಮ ತಾಯಿ ಬೆಳಕು ಹರಿಯುವ ಮೊದಲೇ ಕಡೆಗೋಲಿನ ಹಗ್ಗ ಹಿಡಿಯುತ್ತಿದ್ದರು. ಬೆಣ್ಣೆ ತೇಲಿದಾಗ ಅದನ್ನು ಎತ್ತಿ ಉಂಡೆ ಕಟ್ಟಿ ನೆಲುವಿನ ಗಡಿಗೆಗೆ ಸೇರಿಸುವರು. ಕಾಯಿಸಿದ ತುಪ್ಪ ಕೋಲಾರದ ಪೇಟೆಗೆ. ಮನೆಗೆ ಉಳಿಯುತ್ತಿದ್ದುದು ಮಜ್ಜಿಗೆ. ಮಧ್ಯಾಹ್ನ ಮುದ್ದೆಯ ಹಿಂದೆ ಒಂದು ಲೋಟ. ಬೇಸಿಗೆಯಲ್ಲಿ ಅಂಬಲಿಗೆ ಅದೇ. ಚೊಂಬು ಹಿಡಿದು ಬಂದ ನೆರೆಯವರಿಗೂ ಅದನ್ನೇ ಹೊಯ್ಯುತ್ತಿದ್ದರು, ಅದಕ್ಕೆ ಬೆಲೆ ಕಟ್ಟಿದವರಿಲ್ಲ. ಇಂದು ಪಟ್ಟಣದಲ್ಲಿ ತೂಕ ಇಳಿಸುವವರು ಹಣ ಕೊಟ್ಟು ಹುಡುಕುವ ಕೊಬ್ಬಿಲ್ಲದ ಮೊಸರು ಅಂದು ಬೆಣ್ಣೆ ಮಾರಿದವರ ಪಾಲಿಗೆ ಉಳಿದ ಶೇಷಭಾಗ.

ಹಳೆಯದೆಲ್ಲ ಆರೋಗ್ಯವೆಂದು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ತಾಯಿ ತೆಳ್ಳಗಿದ್ದುದು ಮಜ್ಜಿಗೆಯ ಮಹಿಮೆಯಿಂದಲ್ಲ. ಕೆರೆಯಿಂದ ನೀರು ಹೊತ್ತು, ರಾಗಿ ಹೊಲದಲ್ಲಿ ಕಳೆ ಕಿತ್ತು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡುದರಿಂದ. ಬೆಣ್ಣೆ ಬೇಕಾಗಿದ್ದವರು ಆ ಮನೆಯಲ್ಲಿ ಅವರೇ. ಇಂದಿಗೂ ಬೆಳೆಯುವ ಮಕ್ಕಳಿಗೆ, ಬಡಕಲಾದ ಮುದುಕರಿಗೆ ಕೊಬ್ಬಿಳಿಸಿದ ಮೊಸರನ್ನು ಬಡಿಸುವುದು ಸಲ್ಲದು. ಅದು ನನ್ನಂತೆ ಕುರ್ಚಿಯಲ್ಲಿ ಕುಳಿತು ದಪ್ಪಗಾದವನ ಪಥ್ಯ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನ ಚಿಕಿತ್ಸೆಗೆ ಹೇಳಿದ ಪದಾರ್ಥಗಳ ಸಾಲಿನಲ್ಲಿ ತಕ್ರಾರಿಷ್ಟ ಸೇರಿದೆ; ತಕ್ರವೆಂದರೆ ಮಜ್ಜಿಗೆ. ಅದೇ ಗ್ರಂಥ ರಾತ್ರಿಯ ಹೊತ್ತು ಮೊಸರು ಬೇಡವೆನ್ನುತ್ತದೆ. ನಾನು ರಾತ್ರಿಯ ಬಟ್ಟಲನ್ನು ಬಿಟ್ಟದ್ದು ಶಾಸ್ತ್ರಕ್ಕೆ ಹೆದರಿ ಅಲ್ಲ, ಊಟದ ನಂತರ ಅದು ಹೆಚ್ಚುವರಿಯಾಗಿ ಸೇರುತ್ತಿತ್ತೆಂದು.

ಮೊಸರಿನ ಆಯ್ಕೆಗಿಂತ ಕಠಿಣವಾದದ್ದು ಅದು ಯಾವುದರ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂಬ ಆಯ್ಕೆ. ನಾನು ಊಟವನ್ನು ‘ಕುಗ್ಗಿಸಿದೆ’ ಎಂದೆನಲ್ಲ, ಅದು ಮೂರು ದಿನದ ಮಾತು. ನಾಲ್ಕನೆಯ ದಿನದಿಂದ ಊಟವೂ ನಡೆಯಿತು, ಬಟ್ಟಲೂ ನಡೆಯಿತು. ಈಗ ಮಧ್ಯಾಹ್ನ ಎರಡು ಮುದ್ದೆಯಲ್ಲಿ ಒಂದನ್ನು ಬಿಟ್ಟಿದ್ದೇನೆ. ಅದರ ಜಾಗದಲ್ಲಿ ಸೊಪ್ಪಿನ ಬಸ್ಸಾರಿನ ಪಲ್ಯ, ಒಂದು ಚಿಕ್ಕ ಬಟ್ಟಲು ಸಪ್ಪೆ ಮೊಸರು. ಸಂಜೆ ಬಜ್ಜಿ, ಬಿಸ್ಕತ್ತಿನ ವೇಳೆಗೆ ನೀರು ಮಜ್ಜಿಗೆ, ಶುಂಠಿ, ಕರಿಬೇವು. ನೂರು ಗ್ರಾಂ ಮೊಸರಿಗೆ ಮುನ್ನೂರು ಗ್ರಾಂ ನೀರು ಸೇರಿಸಿದರೆ ಎರಡು ಲೋಟ. ಲೋಟಕ್ಕೆ ಮೂವತ್ತು ಕ್ಯಾಲೊರಿ. ಉಪ್ಪು ಮಾತ್ರ ಚಿಟಿಕೆಯಷ್ಟು, ನನಗೆ ರಕ್ತದೊತ್ತಡವೂ ಉಂಟು. ಮೊದಲ ಹದಿನೈದು ದಿನ ಆ ಎರಡನೆಯ ಮುದ್ದೆ ಕನಸಿನಲ್ಲಿ ಬಂತು. ಹದಿನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದಿದೆ. ಇನ್ನೂ ಮೂರು ಬಾಕಿ. ಮಂಡಿ ಮೆಟ್ಟಿಲನ್ನು ಒಪ್ಪಿಕೊಂಡಿದೆ, ಕೈಪಿಡಿ ಹಿಡಿದುಕೊಂಡರೆ.

ಪೊಟ್ಟಣದ ಮಾತು ಬಂದಾಗ ಒಂದು ಸಂಗತಿ. 2023ರ ಮಾರ್ಚಿಯಲ್ಲಿ ಮೊಸರಿನ ಪೊಟ್ಟಣಗಳ ಮೇಲೆ ‘ದಹಿ’ ಎಂದೇ ಅಚ್ಚು ಹಾಕಬೇಕೆಂಬ ಸೂಚನೆ ಹೊರಟು, ಕರ್ನಾಟಕ, ತಮಿಳುನಾಡುಗಳಲ್ಲಿ ವಿರೋಧವೆದ್ದು, ಅದೇ ತಿಂಗಳ ಕೊನೆಯಲ್ಲಿ ಪ್ರಾದೇಶಿಕ ಹೆಸರುಗಳನ್ನೂ ಬಳಸಬಹುದೆಂದಾಯಿತು. ಆ ಗಲಾಟೆಯಲ್ಲಿ ಪೊಟ್ಟಣದ ಮುಂಬದಿಯನ್ನು ನಾವೆಲ್ಲ ಎಷ್ಟು ಶ್ರದ್ಧೆಯಿಂದ ಓದಿದೆವು! ನಾನೂ ಓದಿದೆ. ಹಿಂಬದಿಗೆ ಆಗಲೂ ನನ್ನ ಕಣ್ಣು ಹೋಗಲಿಲ್ಲ.

ಕಳೆದ ಯುಗಾದಿಗೆ ಕ್ಯಾಲನೂರಿಗೆ ಹೋಗಿದ್ದೆ. ತಮ್ಮನ ಮನೆಯ ಕೊಟ್ಟಿಗೆಯಲ್ಲಿ ಈಗ ನಾಲ್ಕು ಸೀಮೆಹಸುಗಳಿವೆ. 1970ರ ದಶಕದ ಮಧ್ಯದಿಂದ ಈ ನಾಡಿನಲ್ಲಿ ಹಾಲಿನ ಸಹಕಾರ ಸಂಘಗಳು ಬೆಳೆದ ಮೇಲೆ ನಮ್ಮ ಕಡೆಯ ಹಾಲಿಗೆ ದಿನಕ್ಕೆರಡು ಬಾರಿ ಗಿರಾಕಿ ಸಿಕ್ಕಿದ್ದಾನೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ನಡೆಸಿದ್ದು ಆ ಹಾಲಿನ ದುಡ್ಡೇ. ಊಟದ ಕೊನೆಗೆ ಗಟ್ಟಿ ಮೊಸರು ಬಂತು. ನಾಲ್ಕು ಹಸುವಿನ ಮನೆಯ ಮೊಸರೆಂದು ನಾನು ಕೈ ಅಡ್ಡ ಹಿಡಿದೆ.

“ಹಾಕಿಸ್ಕೊಳ್ಳಿ ದೊಡ್ಡಪ್ಪ” ಎಂದ ತಮ್ಮನ ಮಗ, “ಹಾಲೆಲ್ಲಾ ಡೇರಿಗೆ ಹೋಯ್ತದೆ. ಇದು ಅಂಗಡಿ ಪಾಕೀಟಿಂದು.”

ಪಾಕೀಟನ್ನು ತರಿಸಿದೆ. ಕನ್ನಡಕ ಹುಡುಕಿ ಹಿಂಬದಿಯನ್ನು ಓದಿದೆ. ಕೊಬ್ಬು ಶೇಕಡಾ ಮೂರು, ಸೇರಿಸಿದ ಸಕ್ಕರೆ ಸೊನ್ನೆ. ಅರ್ಧ ಸೌಟು ಹಾಕಿಸಿಕೊಂಡೆ.