ದುಡಿಯುವ ಮಹಿಳೆಗೊಂದು ಬೇಸಿಗೆ ಶಾಲೆ

(ಶತಮಾನೋತ್ಸವದ ಅಂಗವಾಗಿ ಸಿದ್ಧಾರ್ಥನಗರದಲ್ಲಿ ಸೇರಿದ್ದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ದುಡಿಯುವ ಮಹಿಳೆಯರ ಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಬೇಸಿಗೆ ಬಂದಿತೆಂದರೆ ನಮ್ಮ ಮಕ್ಕಳಿಗಾಗಿ ಶಿಬಿರಗಳನ್ನು ಏರ್ಪಡಿಸುತ್ತೇವೆ. ಅವರ ತಾಯಂದಿರಿಗೂ ಒಂದು ಬೇಸಿಗೆ ಶಾಲೆ ಬೇಕೆಂಬ ಯೋಚನೆ ನಮ್ಮಲ್ಲಿ ಎಷ್ಟು ಜನರಿಗೆ ಬಂದಿದ್ದೀತು? ಅಂತಹ ಶಾಲೆಯೊಂದು ಹಿಂದೆ ನಿಜವಾಗಿಯೂ ನಡೆದಿತ್ತು. ಅದರ ವೃತ್ತಾಂತವನ್ನು ಮೊದಲು ನಿವೇದಿಸುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜು ಇದೆ. ಅಂದು ಅಲ್ಲಿ ಓದುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥರ ಹೆಣ್ಣುಮಕ್ಕಳು. ರಜೆಯಲ್ಲಿ ಬರಿದಾಗಿರುವ ಕೊಠಡಿಗಳನ್ನು ಕಾರ್ಖಾನೆಯ ಹೆಂಗಸರಿಗೆ ತೆರೆಯಬೇಕೆಂದು ಕಾಲೇಜಿನ ಅಧ್ಯಕ್ಷೆ ಎಂ. ಕೇರಿ ಥಾಮಸ್ ಅವರು ಸಂಕಲ್ಪಿಸಿದರು. 1921ರಲ್ಲಿ ಹಿಲ್ಡಾ ಸ್ಮಿತ್ ಅವರ ನಿರ್ದೇಶನದಲ್ಲಿ ಶಾಲೆ ಆರಂಭವಾಯಿತು. ಹೊಲಿಗೆಯ ಯಂತ್ರ, ನೇಯ್ಗೆಯ ಮಗ್ಗಗಳನ್ನು ಬಿಟ್ಟು ಬಂದವರು ಎಂಟು ವಾರಗಳ ಕಾಲ ಅಲ್ಲಿಯೇ ತಂಗಿ ಅರ್ಥಶಾಸ್ತ್ರ, ಇತಿಹಾಸ, ಸಾಹಿತ್ಯಗಳನ್ನು ಓದಿದರು. ತಮ್ಮ ಬದುಕನ್ನು ತಾವೇ ಬರೆಯಲು ಕಲಿತರು. 1938ರವರೆಗೆ ಸುಮಾರು 1,700 ಮಂದಿ ಅಲ್ಲಿ ಕಲಿತರು. ಅದು ಪದವಿ ಕೊಡುವ ಶಾಲೆಯಾಗಿರಲಿಲ್ಲ. ಕಲಿತವರು ತಮ್ಮ ಕಾರ್ಖಾನೆಗಳಿಗೆ ಮರಳಿ, ಜೊತೆಗಾರರಿಗೆ ನೆರವಾಗಬೇಕೆಂಬುದೇ ಅದರ ಉದ್ದೇಶವಾಗಿತ್ತು. 1922ರಲ್ಲಿ ಅಲ್ಲಿ ಕಲಿತ ರೋಸ್ ಪೆಸೋಟಾ ಎಂಬ ಹೊಲಿಗೆಯ ಕಾರ್ಮಿಕಳು ಮುಂದೆ ಉಡುಪು ಕಾರ್ಮಿಕರ ಸಂಘದ ಉಪಾಧ್ಯಕ್ಷೆಯಾದರು.

ಆ ಶಾಲೆಯ ಒಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಆರಂಭದ ದಿನಗಳಲ್ಲೇ ವಿದ್ಯಾರ್ಥಿನಿಯರ ದೃಷ್ಟಿ ತಮಗೆ ಊಟ ಬಡಿಸುವ, ಕೊಠಡಿ ಗುಡಿಸುವ ಹೆಂಗಸರ ಮೇಲೆ ಬಿತ್ತು. ಇವರಿಗೂ ದಿನಕ್ಕೆ ಎಂಟೇ ಗಂಟೆಯ ಕೆಲಸವಿರಬೇಕೆಂದು ಅವರು ಕೇಳಿದರು, ಕಾಲೇಜು ಒಪ್ಪಿತು. 1926ರಲ್ಲಿ ಕಪ್ಪು ಜನಾಂಗದ ಮಹಿಳೆಯರಿಗೂ ಶಾಲೆಯ ಬಾಗಿಲು ತೆರೆಯಿತು. ಅದರ ಹಿಂದೆಯೂ ವಿದ್ಯಾರ್ಥಿನಿಯರ ಒತ್ತಾಯವಿತ್ತು. ಆದರೆ ಮನೆಗೆಲಸದವರಿಗೆ ಮೊದಮೊದಲು ಆ ಶಾಲೆಯಲ್ಲೂ ಪ್ರವೇಶವಿರಲಿಲ್ಲ. ದುಡಿಯುವವರ ಸಾಲಿನಲ್ಲೂ ಅಡಿಗೆಮನೆಯ ದುಡಿಮೆ ಕೊನೆಗೇ ಉಳಿಯಿತು.

ಇನ್ನು ನಮ್ಮ ನಾಡಿನತ್ತ ನೋಡೋಣ. ಕಾರ್ಮಿಕ ಶಿಕ್ಷಣಕ್ಕಾಗಿ ಭಾರತ ಸರ್ಕಾರ 1958ರಲ್ಲಿ ಕೇಂದ್ರ ಮಂಡಳಿಯೊಂದನ್ನು ಸ್ಥಾಪಿಸಿತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಮಹಿಳೆಯರು ಬೀದಿಗಿಳಿದುದು ತಮಗೆಲ್ಲ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಸೇರಿಸಿದ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಲಾಗದೆಂಬ ನಿಯಮ ಬಂದಿತ್ತು. ತಮ್ಮ ಹಣದ ಲೆಕ್ಕವನ್ನು ಆ ಮಹಿಳೆಯರು ಬಲ್ಲವರಾಗಿದ್ದರು; ಒಂದೇ ಸೂರಿನಡಿ ನೂರಾರು ಜನ ದುಡಿಯುವುದರಿಂದ ಸುದ್ದಿ ಒಬ್ಬರಿಂದೊಬ್ಬರಿಗೆ ಹಬ್ಬಿತು. ಎರಡೇ ದಿನಗಳಲ್ಲಿ ನಿಯಮ ರದ್ದಾಯಿತು.

ಮನೆಗೆಲಸದಾಕೆಗೆ ಆ ಅನುಕೂಲವಿಲ್ಲ. ಆಕೆ ಒಂದೊಂದು ಅಡಿಗೆಮನೆಯಲ್ಲೂ ಒಂಟಿ. ಕರ್ನಾಟಕ ಸರ್ಕಾರ 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಿಗದಿಪಡಿಸಿತು. ಆ ಸುದ್ದಿಯನ್ನು ಆಕೆಗೆ ಹೇಳುವವರು ಯಾರು? ಮನೆಯಲ್ಲೇ ಕುಳಿತು, ಸಾವಿರ ಕಡ್ಡಿಗೆ ಇಷ್ಟೆಂಬ ಲೆಕ್ಕದಲ್ಲಿ ಊದುಬತ್ತಿ ಹೊಸೆಯುವ ಮೈಸೂರಿನ ಸೋದರಿಯ ಪಾಡೂ ಇದಕ್ಕಿಂತ ಬೇರೆಯಲ್ಲ.

ಒಂದು ಮಾತನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಈ ಭಾಷಣವನ್ನು ಬರೆಯುತ್ತಿದ್ದಾಗ, ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ದುಡಿಯುತ್ತಿರುವಾಕೆ ನನ್ನ ಮೇಜನ್ನು ಒರೆಸಿ ಹೋದರು. ಆಕೆಗೆ ವಾರಕ್ಕೊಂದು ದಿನವಾದರೂ ಬಿಡುವುಂಟೇ ಎಂಬ ಪ್ರಶ್ನೆ ಆ ಗಳಿಗೆಯವರೆಗೂ ನನ್ನ ಮನಸ್ಸಿನಲ್ಲಿ ಹುಟ್ಟಿರಲಿಲ್ಲ. ಭಾನುವಾರದ ಪೂಜೆಗೆ ನಾನು ಹೊತ್ತಿಗೆ ಸರಿಯಾಗಿ ಬರುವುದು, ಆಕೆ ನಮ್ಮ ಮನೆಗೆ ಅದಕ್ಕಿಂತ ಮೊದಲೇ ಬರುವುದರಿಂದ.

ಆದುದರಿಂದ ನನ್ನದೊಂದು ವಿನಂತಿ. ಧರ್ಮೋಪದೇಶ ತರಗತಿಗಳು ನಡೆಯುವ ನಮ್ಮ ಕೊಠಡಿಗಳು ಬೇಸಿಗೆಯಲ್ಲಿ ಬೀಗ ಹಾಕಿಕೊಂಡಿರುತ್ತವೆ. ಎಂಟು ವಾರ ಬೇಡ. ಎರಡು ವಾರ, ಸಂಜೆ ಎರಡು ಗಂಟೆಯ ಹೊತ್ತು ಅವುಗಳನ್ನು ಈ ಸೋದರಿಯರಿಗೆ ತೆರೆಯೋಣ. ಯಾವ ಮತದವರೆಂದು ಕೇಳುವುದು ಬೇಡ. ಕೂಲಿಯ ಲೆಕ್ಕ, ಬ್ಯಾಂಕಿನ ಪುಸ್ತಕ, ಅರ್ಜಿ ಬರೆಯುವ ಬಗೆ, ಕಾನೂನು ಕೊಟ್ಟಿರುವ ಹಕ್ಕು, ಇಷ್ಟನ್ನು ಬಲ್ಲವರು ನಮ್ಮಲ್ಲೇ ಇದ್ದಾರೆ. ತಾಯಂದಿರು ಓದುವಷ್ಟು ಹೊತ್ತು ಅವರ ಮಕ್ಕಳನ್ನು ನಮ್ಮ ಯುವಜನರು ನೋಡಿಕೊಳ್ಳಲಿ.

ಆದರೆ ಒಂದು ಎಚ್ಚರಿಕೆ. 1934ರಲ್ಲಿ ಕೃಷಿಕಾರ್ಮಿಕರ ಮುಷ್ಕರವೊಂದರಲ್ಲಿ ಶಾಲೆಯ ಅಧ್ಯಾಪಕರು ಪಾಲ್ಗೊಂಡರೆಂಬ ಆಕ್ಷೇಪಣೆ ಎದ್ದಾಗ ಬ್ರಿನ್ ಮಾರ್ ಕಾಲೇಜು ಅಸಮಾಧಾನಗೊಂಡಿತು. ಮರುವರ್ಷ ಶಾಲೆಗೆ ಅಲ್ಲಿ ಸ್ಥಳ ದೊರೆಯಲಿಲ್ಲ. ಬಾಗಿಲು ತೆರೆಯುವುದು ಸುಲಭ. ಒಳಗೆ ಬಂದವರು ಪ್ರಶ್ನೆ ಕೇಳಿದಾಗ ತಾಳ್ಮೆಯಿಂದಿರುವುದು ಕಷ್ಟ. ನಮ್ಮ ಶಾಲೆಯಲ್ಲಿ ಮೊದಲನೆಯ ಪ್ರಶ್ನೆ ನಮ್ಮ ಮನೆಯ ಸಂಬಳವನ್ನು ಕುರಿತೇ ಬಂದೀತು. ಅದಕ್ಕೆ ನ್ಯಾಯವಾದ ಉತ್ತರವನ್ನು ಸಿದ್ಧಮಾಡಿಕೊಂಡೇ ಕೊಠಡಿಯ ಬೀಗ ತೆಗೆಯೋಣ.